ಕಾಣದ ಹೂವಿಗೆ ಹೆಸರಾದ ಕಾಮೆಲ್

ಗುಲಾಬಿಯನ್ನು ನೆನಪಿಸುವ ಹೂವು, ಎಣ್ಣೆ ಸವರಿದಂತೆ ಮಿರುಗುವ ಕಡು ಹಸಿರೆಲೆ, ಉಳಿದ ಗಿಡಗಳು ಎಲೆಯುದುರಿಸಿ ಬೋಳಾಗಿ ನಿಂತ ಚಳಿಗಾಲದಲ್ಲಿ ಅರಳುವ ಸೊಬಗು. ಸಮಶೀತೋಷ್ಣ ದೇಶಗಳ ಮನೆದೋಟಗಳಲ್ಲಿ ಕ್ಯಾಮೆಲಿಯಾಕ್ಕೆ ವಿಶೇಷ ಮರ್ಯಾದೆಯುಂಟು. ಜಪಾನಿನ ಮಂದಿರಗಳ ಅಂಗಳದಿಂದ ಇಂಗ್ಲೆಂಡಿನ ಹಳ್ಳಿಮನೆಗಳವರೆಗೆ ಸಾವಿರಾರು ತಳಿಗಳಾಗಿ ಅದು ಹಬ್ಬಿದೆ. ನಾವು ದಿನವೂ ಕುಡಿಯುವ ಚಹಾ ಕೂಡ ಇದೇ ಕುಲದ ಗಿಡವೊಂದರ ಎಲೆ; ಅದರ ಶಾಸ್ತ್ರೀಯ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್.

ಕೇಳಲು ಹೂವಿನಷ್ಟೇ ಮೃದುವಾದ ಈ ಹೆಸರು ವಾಸ್ತವವಾಗಿ ಒಬ್ಬ ಮನುಷ್ಯನದು. ಗೆಯೋರ್ಗ್ ಯೋಸೆಫ್ ಕಾಮೆಲ್ ಎಂಬ ಆ ಔಷಧತಜ್ಞರು ಈ ಹೂವನ್ನು ಕಂಡುಹಿಡಿದವರಲ್ಲ, ಬೆಳೆಸಿದವರಲ್ಲ, ಕಣ್ಣಾರೆ ಕಂಡರೆನ್ನಲೂ ದಾಖಲೆಯಿಲ್ಲ. ಆದರೂ ಅವರ ಬದುಕಿನ ಕಥೆಗೂ ಈ ಗಿಡವನ್ನು ಸಲಹುವ ಕಲೆಗೂ ಒಂದು ಒಳನಂಟಿದೆ.

ಮೊರಾವಿಯಾದಿಂದ ಮನಿಲಾಕ್ಕೆ

ಕಾಮೆಲ್ ಜನಿಸಿದ್ದು 1661ರಲ್ಲಿ, ಮೊರಾವಿಯಾ ಪ್ರಾಂತ್ಯದ ಬ್ರನೋ ನಗರದಲ್ಲಿ. ಇಂದು ಅದು ಚೆಕ್ ಗಣರಾಜ್ಯದ ಎರಡನೆಯ ದೊಡ್ಡ ನಗರ. ಎರಡು ಶತಮಾನಗಳ ನಂತರ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡದ್ದೂ ಇದೇ ಊರಿನಲ್ಲಿ.

1682ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕಾಮೆಲ್ ಜೆಸ್ವಿಟ್ ಸಂಘವನ್ನು ಸೇರಿದರು. ಅವರು ಪಾದ್ರಿಯಾಗಲಿಲ್ಲ, ಸಂಘದ ನಿತ್ಯದ ಕೆಲಸಗಳನ್ನು ನಿರ್ವಹಿಸುವ ಸಾಮಾನ್ಯ ಸಹೋದರರಾಗಿಯೇ ಉಳಿದರು. ಯಿಂದ್ರಿಖೂವ್ ಹ್ರಾದೆಟ್ಸ್ ಹಾಗೂ ಚೆಸ್ಕಿ ಕ್ರುಮ್ಲೋವ್ ಪಟ್ಟಣಗಳ ಜೆಸ್ವಿಟ್ ಔಷಧಾಲಯಗಳಲ್ಲಿ ಬೇರು, ತೊಗಟೆ, ಬೀಜಗಳನ್ನು ಅರೆದು, ಕುದಿಸಿ, ಬಟ್ಟಿ ಇಳಿಸಿ ಮದ್ದು ಮಾಡುವುದನ್ನು ಅವರು ಕಲಿತರು.

1687ರಲ್ಲಿ ಸಂಘ ಅವರನ್ನು ಪೂರ್ವದ ಸೇವೆಗೆ ಕಳುಹಿಸಿತು. ಆ ಕಾಲದಲ್ಲಿ ಸ್ಪೇನಿನಿಂದ ಫಿಲಿಪ್ಪೀನ್ಸಿಗೆ ಹೋಗುವವರು ಅಟ್ಲಾಂಟಿಕ್ ದಾಟಿ ಮೆಕ್ಸಿಕೊ ತಲುಪಿ, ಭೂಮಾರ್ಗವಾಗಿ ಅಕಾಪುಲ್ಕೊ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಶಾಂತಸಾಗರವನ್ನು ದಾಟಬೇಕಿತ್ತು. ಈ ಪಯಣ ಮುಗಿಸಿ 1688ರಲ್ಲಿ ಫಿಲಿಪ್ಪೀನ್ಸ್ ತಲುಪಿದ ಕಾಮೆಲ್ ಮತ್ತೆ ತಾಯ್ನಾಡಿಗೆ ಮರಳಲಿಲ್ಲ.

ಬಡವರ ಔಷಧಾಲಯ

ಮನಿಲಾದ ಕೋಟೆಯೊಳಗಿನ ಜೆಸ್ವಿಟ್ ಕಾಲೇಜಿನಲ್ಲಿ ಕಾಮೆಲ್ ಔಷಧಾಲಯವೊಂದನ್ನು ತೆರೆದರು. ಬಡವರಿಗೆ ಅಲ್ಲಿ ಹಣವಿಲ್ಲದೆ ಮದ್ದು ದೊರೆಯುತ್ತಿತ್ತು. ಆದರೆ ಬಹುಬೇಗ ಅವರಿಗೆ ಒಂದು ಕಷ್ಟ ಎದುರಾಯಿತು. ಯುರೋಪಿನ ಔಷಧ ಗ್ರಂಥಗಳು ಹೇಳುವ ಮೂಲಿಕೆಗಳು ಲೂಝಾನ್ ದ್ವೀಪದಲ್ಲಿ ಬೆಳೆಯುತ್ತಿರಲಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಬಂದ ಮದ್ದಿನಲ್ಲಿ ಸತ್ವ ಉಳಿಯುತ್ತಿರಲಿಲ್ಲ. ರೋಗಿಗಳೋ ಬಾಗಿಲಲ್ಲಿ ಕಾದಿರುತ್ತಿದ್ದರು.

ಕಾಮೆಲ್ ಸ್ಥಳೀಯರತ್ತ ತಿರುಗಿದರು. ಅವರು ಬಳಸುತ್ತಿದ್ದ ಗಿಡಮೂಲಿಕೆಗಳನ್ನು ಹುಡುಕಿ ತಂದರು, ಕಾಲೇಜಿನ ತೋಟದಲ್ಲಿ ಬೆಳೆಸಿದರು, ಎಲೆ, ಹೂ, ಕಾಯಿಗಳ ಚಿತ್ರ ಬರೆದರು. ಪ್ರತಿಯೊಂದರ ಸ್ಥಳೀಯ ಹೆಸರನ್ನೂ ಉಪಯೋಗವನ್ನೂ ದಾಖಲಿಸಿದರು. ಗಿಡವನ್ನು ಅದರ ನೆಲದಿಂದ, ಅದನ್ನು ಬಲ್ಲ ಜನರಿಂದ ಬೇರ್ಪಡಿಸಿ ನೋಡಲಾಗದು ಎಂಬ ಅರಿವು ಅವರ ಬರಹದುದ್ದಕ್ಕೂ ಕಾಣುತ್ತದೆ. ಸರಿಸುಮಾರು ಅದೇ ಕಾಲದಲ್ಲಿ, 1678ರಿಂದ 1693ರವರೆಗೆ, ಕೊಚ್ಚಿಯ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಪಂಡಿತರ ಜ್ಞಾನವನ್ನು ಆಧರಿಸಿದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಹನ್ನೆರಡು ಸಂಪುಟಗಳು ಹಾಲೆಂಡಿನಲ್ಲಿ ಪ್ರಕಟವಾದುದನ್ನು ಇಲ್ಲಿ ಸ್ಮರಿಸಬಹುದು. ಆ ಗ್ರಂಥದ ಹಿಂದೆ ಡಚ್ ಅಧಿಕಾರಿಯೊಬ್ಬರ ಬಲವಿತ್ತು. ಮನಿಲಾದಲ್ಲಿ ಅಂತಹ ಬೆಂಬಲವಿಲ್ಲದ ಒಬ್ಬ ಔಷಧತಜ್ಞ, ರೋಗಿಗಳ ಆರೈಕೆಯ ನಡುವೆಯೇ ಈ ಕೆಲಸವನ್ನು ಮಾಡಿದರು.

ಕಾಮೆಲ್ ಜಗತ್ತಿಗೆ ಪರಿಚಯಿಸಿದ ಸಸ್ಯಗಳಲ್ಲಿ ಮುಖ್ಯವಾದುದು ಸಂತ ಇಗ್ನೇಷಿಯಸನ ಬೀಜವೆಂದು ಹೆಸರಾದ ಕಹಿ ಬೀಜ. 1699ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದರ ವಿವರಣೆ ಅಚ್ಚಾಯಿತು. ಇದು ನಮ್ಮ ಕರಾವಳಿ, ಮಲೆನಾಡಿನವರಿಗೆ ಪರಿಚಿತವಾದ ಕಾಸರಕ ಮರದ ಹತ್ತಿರದ ಬಂಧು. 1818ರಲ್ಲಿ ಫ್ರೆಂಚ್ ರಸಾಯನತಜ್ಞರಾದ ಪೆಲೆಟಿಯೆ ಮತ್ತು ಕವೆಂಟು ಸ್ಟ್ರಿಕ್ನಿನ್ ವಿಷವನ್ನು ಮೊದಲು ಬೇರ್ಪಡಿಸಿದ್ದು ಇದೇ ಬೀಜದಿಂದ.

ಮದರಾಸಿನ ಗೆಳೆಯರು

ಕಾಮೆಲ್ ಅವರ ಬರಹಗಳು ಯುರೋಪ್ ತಲುಪಿದ ದಾರಿ ನಮ್ಮ ನೆರೆಯ ಮದರಾಸನ್ನು ಹಾದುಹೋಗುತ್ತದೆ. ಅಲ್ಲಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿದ್ದ ಸ್ಯಾಮ್ಯುಯೆಲ್ ಬ್ರೌನ್ ಮತ್ತು ಎಡ್ವರ್ಡ್ ಬಲ್ಕ್‌ಲಿ ಇಬ್ಬರಿಗೂ ಗಿಡಗಳ ಹುಚ್ಚು. ಬ್ರೌನ್ ಮದರಾಸಿನ ಸುತ್ತಮುತ್ತಲ ಸಸ್ಯಗಳನ್ನು ಸ್ಥಳೀಯ ಹೆಸರುಗಳ ಸಮೇತ ಸಂಗ್ರಹಿಸಿ ಲಂಡನ್ನಿಗೆ ಕಳುಹಿಸುತ್ತಿದ್ದವರು.

ಸ್ಪೇನಿನ ಅಧೀನದಲ್ಲಿದ್ದ ಮನಿಲಾದಲ್ಲಿ ಇಂಗ್ಲಿಷರು ಬಹಿರಂಗವಾಗಿ ವ್ಯಾಪಾರ ಮಾಡುವಂತಿರಲಿಲ್ಲ. ಹಾಗಾಗಿ ಆರ್ಮೇನಿಯನ್ ಹಾಗೂ ಏಷ್ಯಾದ ವರ್ತಕರ ಹೆಸರಿನಲ್ಲಿ ಮದರಾಸಿನ ಹಡಗುಗಳು ಅಲ್ಲಿಗೆ ಹೋಗಿಬರುತ್ತಿದ್ದವು. ಬಟ್ಟೆಯ ಮೂಟೆ, ಬೆಳ್ಳಿಯ ನಾಣ್ಯಗಳ ಜೊತೆಗೆ ಕಾಮೆಲ್ ಅವರ ಪತ್ರಗಳು, ಒಣಗಿಸಿದ ಗಿಡಗಳು, ಬೀಜಗಳೂ ಸಾಗಿದವು. ಕ್ಯಾಥೊಲಿಕ್ ಸಂಘದ ಸಹೋದರನೊಬ್ಬ ಮತ್ತು ಪ್ರಾಟೆಸ್ಟೆಂಟ್ ಕಂಪನಿಯ ವೈದ್ಯರು ಮತದ್ವೇಷದ ಆ ಯುಗದಲ್ಲಿ ಗಿಡಗಳ ನೆಪದಲ್ಲಿ ಗೆಳೆಯರಾದರು. ಬತಾವಿಯಾದಲ್ಲಿದ್ದ ಡಚ್ ವೈದ್ಯ ವಿಲ್ಲೆಮ್ ಟೆನ್ ರೈನೆ ಕೂಡ ಈ ಪತ್ರವ್ಯವಹಾರದಲ್ಲಿ ಸೇರಿದ್ದರು.

ಹೀಗೆ ಸಾಗಿದ ಕೊಂಡಿ ಇಂಗ್ಲೆಂಡಿನ ಇಬ್ಬರನ್ನು ತಲುಪಿತು. ಒಬ್ಬರು ಆ ಕಾಲದ ಅಗ್ರಗಣ್ಯ ಸಸ್ಯವಿಜ್ಞಾನಿ ಜಾನ್ ರೇ. ಇನ್ನೊಬ್ಬರು ಲಂಡನ್ನಿನಲ್ಲಿ ಔಷಧಾಲಯ ನಡೆಸುತ್ತ ಜಗತ್ತಿನ ಮೂಲೆಮೂಲೆಯಿಂದ ಮಾದರಿಗಳನ್ನು ತರಿಸಿಕೊಳ್ಳುತ್ತಿದ್ದ ಜೇಮ್ಸ್ ಪೆಟಿವರ್.

ಕಡಲ್ಗಳ್ಳರ ಪಾಲು

ಕಾಮೆಲ್ ಇವರಿಗಾಗಿ ಸಿದ್ಧಪಡಿಸಿದ ಮೊದಲ ದೊಡ್ಡ ಕಟ್ಟು ಗುರಿ ಮುಟ್ಟಲಿಲ್ಲ. ದಾರಿಯಲ್ಲಿ ಅದು ಕಡಲ್ಗಳ್ಳರ ಪಾಲಾಯಿತು. ಆ ಕಾಲದಲ್ಲಿ ನಕಲು ಯಂತ್ರಗಳಿರಲಿಲ್ಲ. ಚಿತ್ರವೊಂದು ಕಳೆದರೆ ಅದನ್ನು ಮತ್ತೆ ಕೈಯಾರೆ ಬರೆಯಬೇಕು. ಒಣಗಿಸಿದ ಗಿಡ ಕಳೆದರೆ ಮುಂದಿನ ಹೂಬಿಡುವ ಕಾಲಕ್ಕೆ ಕಾಯಬೇಕು. ಕಾಮೆಲ್ ಕೈಚೆಲ್ಲಲಿಲ್ಲ, ಮತ್ತೆ ಕುಳಿತರು, ಮತ್ತೆ ಬರೆದರು, ಮತ್ತೆ ಕಳುಹಿಸಿದರು.

1704ರಲ್ಲಿ ಜಾನ್ ರೇ ತಮ್ಮ ಸಸ್ಯೇತಿಹಾಸ ಗ್ರಂಥದ ಮೂರನೆಯ ಸಂಪುಟವನ್ನು ಹೊರತಂದಾಗ ಲೂಝಾನ್ ದ್ವೀಪದ ಸಸ್ಯಗಳ ಕುರಿತ ಕಾಮೆಲ್ ಅವರ ಬರಹವನ್ನು ಅನುಬಂಧವಾಗಿ ಸೇರಿಸಿದರು. ಆದರೆ ಆ ಬರಹದ ಜೀವಾಳವಾಗಿದ್ದ ಚಿತ್ರಗಳು ಅಚ್ಚಾಗಲಿಲ್ಲ. ಅವುಗಳನ್ನು ಕೆತ್ತಿಸಿ ಮುದ್ರಿಸುವಷ್ಟು ಹಣ ಒದಗಲಿಲ್ಲ. ಚಿತ್ರವಿಲ್ಲದ ವರ್ಣನೆಯನ್ನು ಓದಿ ಗಿಡ ಯಾವುದೆಂದು ಗುರುತಿಸುವುದು ಮುಂದಿನವರಿಗೆ ಕಷ್ಟವಾಯಿತು. ಫಿಲಿಪ್ಪೀನ್ಸಿನ ಹಕ್ಕಿಗಳನ್ನೂ ಜೇಡಗಳನ್ನೂ ಕುರಿತ ಅವರ ಟಿಪ್ಪಣಿಗಳು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡವು.

1706ರಲ್ಲಿ ಕಾಮೆಲ್ ಮನಿಲಾದಲ್ಲೇ ನಿಧನರಾದರು. ಆಗ ಅವರಿಗೆ 45 ವರ್ಷ.

ಲಿನ್ನೇಯಸ್ ಇಟ್ಟ ಹೆಸರು

ಕಾಮೆಲ್ ತೀರಿಕೊಂಡ ಮರುವರ್ಷ, 1707ರಲ್ಲಿ, ಸ್ವೀಡನ್ನಿನಲ್ಲಿ ಕಾರ್ಲ್ ಲಿನ್ನೇಯಸ್ ಜನಿಸಿದರು. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಅವರು ಸಸ್ಯಕುಲಗಳಿಗೆ ಸಸ್ಯಶಾಸ್ತ್ರಕ್ಕೆ ದುಡಿದವರ ಹೆಸರಿಡುವುದನ್ನು ಇಷ್ಟಪಟ್ಟರು. ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್ ಜಪಾನಿನಲ್ಲಿ ಕಂಡು, 1712ರ ತಮ್ಮ ಗ್ರಂಥದಲ್ಲಿ ಸುಬಾಕಿ ಎಂಬ ಸ್ಥಳೀಯ ಹೆಸರಿನಿಂದ ವರ್ಣಿಸಿದ್ದ ಗಿಡಕ್ಕೆ ಲಿನ್ನೇಯಸ್ ಕ್ಯಾಮೆಲಿಯಾ ಎಂದು ನಾಮಕರಣ ಮಾಡಿದರು. ಕಾಮೆಲ್ ಎಂಬ ಹೆಸರಿನ ಲ್ಯಾಟಿನ್ ರೂಪ ಕ್ಯಾಮೆಲ್ಲಸ್, ಅದರಿಂದ ಕ್ಯಾಮೆಲಿಯಾ. 1753ರ ಅವರ ಗ್ರಂಥದಲ್ಲಿ ಇದು ಕ್ಯಾಮೆಲಿಯಾ ಜಪಾನಿಕಾ ಆಗಿ ದಾಖಲಾಯಿತು.

ಚಹಾ ಗಿಡವನ್ನು ಲಿನ್ನೇಯಸ್ ಥಿಯಾ ಎಂಬ ಪ್ರತ್ಯೇಕ ಕುಲದಲ್ಲಿ ಇರಿಸಿದ್ದರು. ಎರಡರ ಹೂವಿನ ರಚನೆಯೂ ಒಂದೇ ಬಗೆಯದೆಂದು ಮುಂದಿನ ವಿಜ್ಞಾನಿಗಳು ಮನಗಂಡರು. 1818ರಲ್ಲಿ ರಾಬರ್ಟ್ ಸ್ವೀಟ್ ಎರಡೂ ಕುಲಗಳನ್ನು ಒಂದುಗೂಡಿಸಿ ಕ್ಯಾಮೆಲಿಯಾ ಎಂಬ ಹೆಸರನ್ನು ಉಳಿಸಿಕೊಂಡರು. ಚಿಕ್ಕಮಗಳೂರಿನ, ನೀಲಗಿರಿಯ, ಅಸ್ಸಾಮಿನ ಚಹಾ ತೋಟಗಳ ಪ್ರತಿ ಗಿಡವೂ ಇಂದು ಮನಿಲಾದ ಔಷಧತಜ್ಞನ ಹೆಸರನ್ನು ಹೊತ್ತಿದೆ.

ಅಕ್ಕರೆಯೇ ಕೊಂದ ಗಿಡಗಳು

ಕಾಮೆಲ್ ಹೆಸರಿನ ಈ ಗಿಡ ಯುರೋಪಿನಲ್ಲಿ ಬಾಳಲು ಕಲಿತದ್ದು ಸುಲಭವಾಗಿ ಅಲ್ಲ. ಇಂಗ್ಲೆಂಡಿನಲ್ಲಿ ಕ್ಯಾಮೆಲಿಯಾ ಬೆಳೆಸಿದವರಲ್ಲಿ ಮೊದಲಿಗರೆಂದರೆ ಎಸೆಕ್ಸಿನ ಥಾರ್ನ್‌ಡನ್ ಹಾಲ್‌ನ ಲಾರ್ಡ್ ಪೀಟರ್. 1739ರ ವೇಳೆಗೆ ಅವರ ಬಳಿ ಗಿಡಗಳಿದ್ದವು. ಪೂರ್ವದೇಶದ ಗಿಡವಾದ್ದರಿಂದ ಬಿಸಿ ಬೇಕೆಂದು ಭಾವಿಸಿ ಅವುಗಳನ್ನು ಉಷ್ಣಗೃಹದಲ್ಲಿ ಇರಿಸಲಾಯಿತು. ಗಿಡಗಳು ಆ ಸೆಕೆಯಲ್ಲೇ ಸತ್ತವು. ಚಳಿಯ ಬೆಟ್ಟಗಳಲ್ಲಿ ಮರಗಳ ನೆರಳಲ್ಲಿ ಬೆಳೆಯುವ ಗಿಡ ಅದೆಂದು ಆಗ ತಿಳಿದಿರಲಿಲ್ಲ. ಗಿಡವನ್ನು ತಂದವರು ಅದರ ಊರಿನ ಸಂಗತಿಯನ್ನು ತಂದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಜರ್ಮನಿಯ ಡ್ರೆಸ್ಡನ್ ಬಳಿಯ ಪಿಲ್‌ನಿಟ್ಸ್ ಅರಮನೆಯ ಉದ್ಯಾನದಲ್ಲಿದೆ. 1801ರಲ್ಲಿ ನೆಟ್ಟ ಕ್ಯಾಮೆಲಿಯಾ ಅಲ್ಲಿ ಇಂದಿಗೂ ಪ್ರತಿ ವರ್ಷ ಸಾವಿರಾರು ಕೆಂಪು ಹೂಗಳನ್ನು ಬಿಡುತ್ತದೆ. ಎಂಟು ಮೀಟರಿಗೂ ಎತ್ತರವಾದ ಈ ಮರಕ್ಕೆ ಚಳಿಗಾಲದಲ್ಲಿ ಹಳಿಯ ಮೇಲೆ ಚಲಿಸುವ ಗಾಜಿನ ಮನೆಯನ್ನು ಸರಿಸಿ ಹೊದಿಸುತ್ತಾರೆ. ಒಳಗೆ ಸೆಕೆಯೇರಲು ಬಿಡುವುದಿಲ್ಲ. ನೀರು ಹೆಪ್ಪುಗಟ್ಟದಷ್ಟು ಮಾತ್ರ, ಶೂನ್ಯಕ್ಕಿಂತ ಕೆಲವೇ ಡಿಗ್ರಿ ಹೆಚ್ಚಿನ ಉಷ್ಣತೆ ಇರಿಸುತ್ತಾರೆ. ಬೇಸಿಗೆ ಸಮೀಪಿಸಿದೊಡನೆ ಮನೆಯನ್ನು ಬದಿಗೆ ಸರಿಸಿ ಮರವನ್ನು ಮಳೆಗಾಳಿಗೆ ಒಪ್ಪಿಸುತ್ತಾರೆ. 1905ರ ಜನವರಿಯಲ್ಲಿ ಆಗಿನ ಮರದ ಹೊದಿಕೆಮನೆಗೆ ಬೆಂಕಿ ಬಿದ್ದಾಗ ನಂದಿಸಲು ಸುರಿದ ನೀರು ಕೊರೆಯುವ ಚಳಿಗೆ ಮಂಜುಗಡ್ಡೆಯಾಗಿ ಮರವನ್ನು ಆವರಿಸಿತು. ಆ ಮಂಜಿನ ಕವಚದಿಂದಲೇ ಮರ ಬದುಕಿ ಮತ್ತೆ ಚಿಗುರಿತು.

ಮನೆಯಂಗಳದ ಆರೈಕೆ

ಮನೆದೋಟದಲ್ಲಿ ಕ್ಯಾಮೆಲಿಯಾ ಬೆಳೆಸುವವರು ಪಾಲಿಸುವ ನಿಯಮಗಳೆಲ್ಲ ಅದರ ತವರಿನಿಂದಲೇ ಬಂದವು. ಅದಕ್ಕೆ ಕಾಡಿನ ಎಲೆಗೊಬ್ಬರದಂತಹ, ತುಸು ಆಮ್ಲೀಯವಾದ ಮಣ್ಣು ಬೇಕು. ರಸಸಾರ 5.5ರಿಂದ 6.5ರ ನಡುವೆ ಇದ್ದರೆ ಉತ್ತಮ. ಸುಣ್ಣದ ಅಂಶ ಹೆಚ್ಚಿದ್ದರೆ ಬೇರು ಕಬ್ಬಿಣವನ್ನು ಹೀರಲಾರದು. ನರಗಳು ಹಸಿರಾಗಿಯೇ ಉಳಿದು ಎಲೆ ಹಳದಿಯಾಗುತ್ತದೆ. ಈ ಕಾರಣಕ್ಕೆ ಗಡಸು ನೀರಿಗಿಂತ ಮಳೆನೀರು ಲೇಸು.

ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಗಿಡವನ್ನು ಆಳಕ್ಕೆ ಹೂಳಬಾರದು. ಕುಂಡದಲ್ಲಿದ್ದಷ್ಟೇ ಮಟ್ಟಕ್ಕೆ ನೆಟ್ಟು, ಬುಡಕ್ಕೆ ತರಗೆಲೆ ಅಥವಾ ತೊಗಟೆಯ ಹೊದಿಕೆ ಹಾಕಬೇಕು. ಬುಡವನ್ನು ಕೆದಕಬಾರದು. ನೀರು ನಿಲ್ಲಲೂಬಾರದು, ಮಣ್ಣು ಪೂರ್ತಿ ಒಣಗಲೂಬಾರದು. ಮರಗಳ ಎಡೆಯಿಂದ ಸೋಸಿ ಬರುವ ಬಿಸಿಲು ಅದಕ್ಕೆ ಪ್ರಿಯ. ಹಿಮ ಬೀಳುವ ಊರುಗಳಲ್ಲಿ ಪೂರ್ವ ದಿಕ್ಕನ್ನು ತಪ್ಪಿಸುತ್ತಾರೆ. ಹೆಪ್ಪುಗಟ್ಟಿದ ಮೊಗ್ಗಿಗೆ ಎಳೆಬಿಸಿಲು ಥಟ್ಟನೆ ತಗುಲಿದರೆ ಮೊಗ್ಗು ಕಂದುತ್ತದೆ.

ಅನೇಕರಿಗೆ ಒಗಟಾಗುವುದು ಮೊಗ್ಗು ಉದುರುವ ತೊಂದರೆ. ಚಳಿಗಾಲದಲ್ಲಿ ಅರಳುವ ಮೊಗ್ಗು ರೂಪುಗೊಳ್ಳುವುದು ಹಿಂದಿನ ಬೇಸಿಗೆಯಲ್ಲಿ. ಆಗ ನೀರಿಗೆ ತತ್ವಾರವಾದರೆ ಅದರ ಫಲ ಕಾಣುವುದು ತಿಂಗಳುಗಳ ನಂತರ, ಮೊಗ್ಗುಗಳು ಅರಳದೆ ಕಳಚಿ ಬಿದ್ದಾಗ. ಗೊಬ್ಬರವನ್ನೂ ಕತ್ತರಿಯನ್ನೂ ಹೂ ಮುಗಿದ ಕೂಡಲೇ ಬಳಸಬೇಕು. ತಡವಾಗಿ ಸವರಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ಉದುರಿದ ಹೂಗಳನ್ನು ಬುಡದಲ್ಲಿ ಬಿಡದೆ ಆಯ್ದು ತೆಗೆದರೆ ದಳ ಕೊಳೆಸುವ ಶಿಲೀಂಧ್ರದ ಹಾವಳಿ ಕಡಿಮೆಯಾಗುತ್ತದೆ. ಬಯಲುಸೀಮೆಯ ಬಿಸಿಲು ಈ ಗಿಡಕ್ಕೆ ಒಗ್ಗದು. ಬೆಳೆಸಬಯಸುವವರಿಗೆ ಚಹಾ ಬೆಳೆಯುವ ತಂಪು ಬೆಟ್ಟಗಳೇ ದಿಕ್ಸೂಚಿ. ಎರಡೂ ಒಂದೇ ಮನೆತನದವಲ್ಲವೇ?

ಗಿಡವನ್ನು ತನ್ನಿಚ್ಛೆಗೆ ಬಗ್ಗಿಸಲು ಹೊರಟವರು ಉಷ್ಣಗೃಹದಲ್ಲಿ ಅದನ್ನು ಕಳೆದುಕೊಂಡರು. ಅದರ ಗುಣ ಕೇಳಿ ತಿಳಿದವರ ಅಂಗಳದಲ್ಲಿ ಅದು ಎರಡು ಶತಮಾನ ದಾಟಿ ಬಾಳಿತು. ಅರಿಯದ ನಾಡಿನ ಗಿಡಗಳ ಮುಂದೆ ಕುಳಿತು, ಅಲ್ಲಿನವರನ್ನು ಕೇಳಿ, ಹೆಸರು ಬರೆದುಕೊಂಡು, ರೋಗಿಗೆ ಮದ್ದು ಅರೆದ ಕಾಮೆಲ್ ಮಾಡಿದ್ದೂ ಅದನ್ನೇ. ಅವರ ಚಿತ್ರಗಳು ಅಚ್ಚಾಗಲಿಲ್ಲ, ಮೊದಲ ಕಟ್ಟು ಕಡಲಲ್ಲಿ ಕಳೆದುಹೋಯಿತು. ಲಿನ್ನೇಯಸ್ ಕೊಟ್ಟ ಹೆಸರು ಆ ಹೂವಿಗೆ ಸಲ್ಲದೆಂದು ಯಾರಾದರೂ ವಾದಿಸಬಹುದು. ಆದರೆ ಇಷ್ಟು ಎಚ್ಚರದ ಆರೈಕೆ ಬೇಡುವ ಗಿಡಕ್ಕೆ ಕಾಮೆಲ್ ಅವರಿಗಿಂತ ತಕ್ಕ ಹೆಸರು ಸಿಗುತ್ತಿತ್ತೆಂದು ಹೇಳುವುದು ಕಷ್ಟ.