ಮೆಡೋಸ್ ಟೇಲರನೂ ನಮ್ಮ ನಾಡಿನ ಚರಿತ್ರೆಯೂ

ರಾಯಚೂರು ಜಿಲ್ಲೆಯ ಸಾಮಾಜಿಕ ಹಾಗೂ ಆರ್ಥಿಕ ಚರಿತ್ರೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆಯಬೇಕೆಂದು ನಾನು ಹೊರಟಾಗ, ಮೊದಲು ನನಗೆ ದೊರೆತದ್ದು ಅರಸರ ಹೆಸರುಗಳೇ. ರಾಯಚೂರು ಕೋಟೆಯ ಉದ್ದನೆಯ ಬಂಡೆಗಲ್ಲಿನ ಶಾಸನವು 1294ರಲ್ಲಿ ಕಾಕತೀಯರ ಕಡೆಯವರು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಸಾರುತ್ತದೆ. 1520ರಲ್ಲಿ ಕೃಷ್ಣದೇವರಾಯನು ಇದಕ್ಕಾಗಿಯೇ ಬಿಜಾಪುರದ ಸುಲ್ತಾನನೊಡನೆ ಕಾದಿದನು. ಆದರೆ ಆ ಬಂಡೆಯನ್ನು ಎಳೆದು ತಂದವರು ಏನನ್ನು ಉಂಡರು? ದಂಡು ಹಾದುಹೋದ ಮೇಲೆ ಮಾನ್ವಿಯ ಒಕ್ಕಲಿಗನು ತನ್ನ ಎರೆಹೊಲದಲ್ಲಿ ಏನನ್ನು ಬಿತ್ತಿದನು? ಈ ಪ್ರಶ್ನೆಗಳನ್ನು ಬೆನ್ನಟ್ಟಿ ಹೋದಾಗ ನನಗೆ ಭೆಟ್ಟಿಯಾದವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ನೆಯ ಸೆಪ್ಟೆಂಬರ 25ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. ತಂದೆಯ ವ್ಯಾಪಾರ ಕೆಟ್ಟಿದ್ದರಿಂದ ಹದಿನೈದು ವರ್ಷದ ಹುಡುಗನು 1824ರಲ್ಲಿ ಮುಂಬಯಿಯ ವರ್ತಕನೊಬ್ಬನನ್ನು ನಂಬಿ ಹಡಗು ಹತ್ತಿದನು. ಬಂದು ನೋಡಿದರೆ ಆ ವರ್ತಕನೇ ದಿವಾಳಿಯ ಅಂಚಿನಲ್ಲಿದ್ದನು. ಅದೇ ವರ್ಷ ನಿಜಾಮನ ಸೈನ್ಯದಲ್ಲಿ ನೌಕರಿ ದೊರೆಯಿತು. ದೊಡ್ಡ ಶಾಲೆಗಳ ವಿದ್ಯೆಯಿಲ್ಲದ ಈ ತರುಣನು ದೇಶಭಾಷೆಗಳನ್ನೂ ಭೂಮಾಪನವನ್ನೂ ತಾನೇ ಕಲಿತುಕೊಂಡನು. 1839ರಲ್ಲಿ ಪ್ರಕಟವಾದ ಠಕ್ಕರ ಕಾದಂಬರಿಯಿಂದ ಅವನ ಹೆಸರು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು.

ನಮ್ಮ ಪ್ರಾಂತಕ್ಕೆ ಅವನ ನಂಟು ಬೆಳೆದದ್ದು 1841ರಿಂದೀಚೆಗೆ. ದೇವದುರ್ಗವು ಒಂದು ಕಾಲಕ್ಕೆ ಬೇಡ ಪಾಳೆಯಗಾರರ ಗಟ್ಟಿ ನೆಲೆ. ಅಲ್ಲಿಂದ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆ. ಆಗ ಆ ಬೇಡ ಸಂಸ್ಥಾನವು ಸಾಲದಲ್ಲಿಯೂ ಒಳಜಗಳದಲ್ಲಿಯೂ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡ ಮೇಲೆ ಎಳೆಯ ವೆಂಕಟಪ್ಪ ನಾಯಕನ ಪರವಾಗಿ ಟೇಲರನು 1853ರವರೆಗೆ ಆಡಳಿತವನ್ನು ನೋಡಿಕೊಂಡನು. ಸಾಲ ತೀರಿಸುವ ಏರ್ಪಾಟು ಮಾಡಿದನು, ರಸ್ತೆಗಳನ್ನು ಹಾಕಿಸಿದನು, ಹಿಂದಿನ ಅರಸರು ಕಟ್ಟಿಸಿದ್ದ ಬೋನಾಳ ಕೆರೆಯನ್ನು ಬಲಪಡಿಸಿದನು. ಬಿಡುವಿನಲ್ಲಿ ರಾಜನಕೋಳೂರು ಮೊದಲಾದ ಕಡೆಗಳಲ್ಲಿ ಶಿಲಾಸಮಾಧಿಗಳನ್ನು ಅಗೆಯಿಸಿ, ಅಳತೆ ಮಾಡಿ, ಚಿತ್ರ ಬರೆದು, ವಿದ್ವತ್ ಪತ್ರಿಕೆಗಳಿಗೆ ಕಳುಹಿಸಿದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ.

1853ರಲ್ಲಿ ನಿಜಾಮನು ಸೈನ್ಯದ ಖರ್ಚಿಗಾಗಿ ಬೇರಾರ, ನಳದುರ್ಗ, ರಾಯಚೂರು ದೋಆಬುಗಳನ್ನು ಕಂಪನಿಗೆ ಒಪ್ಪಿಸಿದನು. ಹೀಗೆ ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳು 1860ರವರೆಗೆ ಇಂಗ್ಲಿಷರ ಕೈಯಲ್ಲಿದ್ದವು. ಟೇಲರನಿಗೆ ನಳದುರ್ಗದ ಆಡಳಿತ ಬಂದಿತು. ಅಲ್ಲಿ ಹೊಲಗಳನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸುವ ಕೆಲಸದಲ್ಲಿ ತೊಡಗಿದನು.

ಇನ್ನು ಅವನ ಬಾಳಿನ ಅತ್ಯಂತ ಕಹಿಯಾದ ಘಟ್ಟ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಎದ್ದು ನಿಂತನು. ಸುರಪುರ ಬಿದ್ದಿತು, ತರುಣ ರಾಜನು ಹೈದರಾಬಾದಿನಲ್ಲಿ ಸೆರೆಯಾದನು. ಚಿಕ್ಕಂದಿನಿಂದ ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದ ರಾಜನನ್ನು ಟೇಲರನು ಸೆರೆಮನೆಯಲ್ಲಿ ಕಂಡನು. ಸಂಗಡಿಗರ ಹೆಸರನ್ನು ಹೇಳಲು ರಾಜನು ಒಪ್ಪಲಿಲ್ಲ. ಮರಣದಂಡನೆಯು ಇಳಿದು ಇಳಿದು ಕೊನೆಗೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸವಾಯಿತು. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿಯೇ ರಾಜನು ಪಿಸ್ತೂಲಿನ ಗುಂಡಿನಿಂದ ಮಡಿದನು. ಮಗನಂತೆ ಸಾಕಿದವನ ರಾಜ್ಯಕ್ಕೆ ಟೇಲರನು ಸರಕಾರದ ಅಧಿಕಾರಿಯಾಗಿ ಮರಳಿ ಬರಬೇಕಾಯಿತು. 1860ರಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋದನು. 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದು, ಹಿಂತಿರುಗುವಾಗ 1876ನೆಯ ಮೇ 13ರಂದು ಫ್ರಾನ್ಸಿನ ಮಾಂಟೋನ್ ಎಂಬಲ್ಲಿ ತೀರಿಕೊಂಡನು. ಅವನ ಆತ್ಮಕಥೆಯನ್ನು ಮಗಳು 1877ರಲ್ಲಿ ಪ್ರಕಟಿಸಿದಳು.

ಈ ಆತ್ಮಕಥೆಯನ್ನು ಓದಿ ಮುಗಿಸಿದಾಗ ನನ್ನ ಮನಸ್ಸು ಎರಡಾಯಿತು. ಸಂಸ್ಥಾನದ ಸಾಲ, ಕೆರೆ, ದಾರಿ, ಕಂದಾಯ, ಜನರ ನಡೆನುಡಿ ಇವನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟ ಅವನ ಉಪಕಾರ ದೊಡ್ಡದು. ಆದರೆ ಅದು ಆಳಲು ಬಂದವನ ಲೆಕ್ಕ. ಕಂದಾಯವನ್ನು ವಸೂಲು ಮಾಡಿದವನ ಮಾತು ನಮಗೆ ಕೇಳಿಸುತ್ತದೆ, ಕೊಟ್ಟವನ ಮಾತು ಕೇಳಿಸುವುದಿಲ್ಲ. ಅವನು ದಂಗೆಯೆಂದು ಕಂಡದ್ದನ್ನು ನಾವು ಸ್ವಾತಂತ್ರ್ಯದ ಹೋರಾಟವೆಂದು ಕರೆಯುತ್ತೇವೆ. ಅವನ ಪುಸ್ತಕವನ್ನು ಬಿಟ್ಟರೆ ನಮ್ಮ ಚರಿತ್ರೆ ಕುರುಡಾದೀತು. ಅದೊಂದನ್ನೇ ನಂಬಿದರೆ ಒಕ್ಕಣ್ಣಾದೀತು.

ಕೊಟ್ಟವನ ಮಾತು ಇರುವುದು ನಮ್ಮ ಊರುಗಳಲ್ಲಿಯೇ. ಗಬ್ಬೂರಿನ ಶಾಸನಗಳಲ್ಲಿ, ಹಳೆಯ ಕುಲಕರ್ಣಿ ಮನೆತನಗಳ ಅಟ್ಟದ ಮೇಲಿನ ದಫ್ತರಗಳಲ್ಲಿ, ಮೋಡಿ ಲಿಪಿಯ ಕಾಗದಗಳಲ್ಲಿ, ನಿಜಾಮರ ಕಾಲದ ಉರ್ದು ಕಡತಗಳಲ್ಲಿ ಅದು ಅಡಗಿದೆ. ಈಗ ಮಾನ್ವಿಗೆ ತುಂಗಭದ್ರೆಯ ಕಾಲುವೆಯೂ ದೇವದುರ್ಗಕ್ಕೆ ಕೃಷ್ಣೆಯ ಕಾಲುವೆಯೂ ಬಂದು, ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾಗಿವೆ. ಒಣಬೇಸಾಯದ ಆ ಹಳೆಯ ಬದುಕನ್ನು ಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ.

ಸಹಪಾಠಿ ಮಿತ್ರರೇ, ಸಾವಿರಾರು ಮೈಲಿ ದೂರದಿಂದ ಬಂದ, ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ಹುಡುಗನು ನಮ್ಮ ನೆಲವನ್ನು ಅಳೆದು ಬರೆದನು. ಈ ನೆಲದಲ್ಲಿಯೇ ಹುಟ್ಟಿ, ಕಾಲೇಜಿನಲ್ಲಿ ಓದುತ್ತಿರುವ ನಾವು ಈ ರಜೆಯಲ್ಲಿ ನಮ್ಮ ನಮ್ಮ ಊರಿನ ಒಬ್ಬೊಬ್ಬ ಹಿರಿಯರ ಬಳಿ ಕುಳಿತು, ಅವರು ಹೇಳಿದ್ದನ್ನು ಬರೆದುಕೊಂಡು ಬರೋಣ. ಟೇಲರನು ಅರ್ಧಕ್ಕೆ ಬಿಟ್ಟ ಕೆಲಸ ಅದು. ಅದನ್ನು ಮುಗಿಸಬೇಕಾದವರು ನಾವು.