ಸರ್ ಸೈಯದರು ತೆರೆದ ವಿಜ್ಞಾನದ ಬಾಗಿಲು

ಹತ್ತನೇ ತರಗತಿಯವರೆಗೆ ವಿಜ್ಞಾನ ಕಡ್ಡಾಯ ಏಕೆ ಎಂದು ರಾಯಚೂರು, ದೇವದುರ್ಗ, ಮಾನ್ವಿಯ ಮಕ್ಕಳು ಕೇಳುವುದುಂಟು. ಕೇಳುವವರು ಸರ್ ಸೈಯದ್ ಅಹ್ಮದ್ ಖಾನರ ಬದುಕನ್ನು ಒಮ್ಮೆ ನೋಡಬೇಕು.

1817ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅವರು ಕಂಪನಿ ಸರ್ಕಾರದ ನ್ಯಾಯಾಂಗ ನೌಕರಿಯಲ್ಲಿದ್ದರು. 1857ರ ದಂಗೆಯ ನಂತರ ದೊಡ್ಡ ದೊಡ್ಡ ಮನೆತನಗಳೇ ಬೀದಿಗೆ ಬಿದ್ದದ್ದನ್ನು ಕಣ್ಣಾರೆ ಕಂಡರು. ಹೊಸ ವಿದ್ಯೆಯಿಲ್ಲದೆ ಈ ಸಮಾಜ ಮೇಲೇಳದೆಂದು ಮನಗಂಡು, 1864ರಲ್ಲಿ ಗಾಜಿಪುರದಲ್ಲಿ ಸೈಂಟಿಫಿಕ್ ಸೊಸೈಟಿ ಕಟ್ಟಿ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. ಇದನ್ನು ಗಮನಿಸಿ: ಮೊದಲು ಜನರಿಗೆ ತಿಳಿಯುವ ಭಾಷೆ, ಆಮೇಲೆ ಕಾಲೇಜು. ಭಾಷಾ ಶಿಕ್ಷಕನಾದ ನನಗೆ ಇದೇ ದೊಡ್ಡ ಮಾತು. ಅಂದು ನಿಜಾಮರ ಸಂಸ್ಥಾನದಲ್ಲಿದ್ದ ನಮ್ಮ ರಾಯಚೂರು ಸೀಮೆಗೂ ಆ ದಾರಿ ಹೊಸದಾಗಲಿಲ್ಲ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು.

1875ರಲ್ಲಿ ಅಲಿಗಢದಲ್ಲಿ ಶಾಲೆ, 1877ರಲ್ಲಿ ಕಾಲೇಜು. ಸೃಷ್ಟಿಯ ನಿಯಮಕ್ಕೂ ಅಲ್ಲಾಹನ ವಾಣಿಗೂ ವಿರೋಧವಿರದೆಂದ ಅವರ ಮೇಲೆ ಕುಫ್ರಿನ ಫತ್ವಾಗಳು ಬಂದವು. ಅವರು ಹಿಂದೆ ಸರಿಯಲಿಲ್ಲ. ಕಾಲೇಜಿನ ದೀನಿ ಪಾಠವನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟು ತಾವು ದೂರ ನಿಂತರು. ಜಾಣ್ಮೆಯೆಂದರೆ ಇದು!

1898ರಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳಿಗೆ ಮಾತ್ರ ಅವರು ಶಾಲೆ ತೆರೆಯಲಿಲ್ಲ, ಅದನ್ನು ಮುಚ್ಚಿಡಬಾರದು. 1906ರಲ್ಲಿ ಅಲಿಗಢದಲ್ಲಿ ಆ ಕೆಲಸ ಮಾಡಿದವರು ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ. ಇಂದು ನಮ್ಮ ಹುಡುಗಿಯರೂ ಹತ್ತರವರೆಗೆ ವಿಜ್ಞಾನ ಓದುತ್ತಿದ್ದಾರೆ. ಕಡ್ಡಾಯವಿಲ್ಲದಿದ್ದರೆ ಎಷ್ಟು ಮನೆಯವರು ಅವರಿಗೆ ವಿಜ್ಞಾನ ಓದಿಸುತ್ತಿದ್ದರು, ನೀವೇ ಹೇಳಿ.