ರಗಳೆಯ ಕವಿ ಹರಿಹರ

ಕ್ರಿ.ಶ. 1200ರ ಸುಮಾರಿನಲ್ಲಿ ಬಾಳಿದ ಹರಿಹರನು ಶಿವಕವಿಗಳಲ್ಲಿ ಅಗ್ರಗಣ್ಯನು. ದೋರಸಮುದ್ರದಲ್ಲಿ ಹೊಯ್ಸಳ ಅರಸನ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಯನ್ನು ಸೇರಿದನೆಂದು ಸಂಪ್ರದಾಯವು ಹೇಳುತ್ತದೆ.

ಆತನ ಮೊದಲ ಕೃತಿಯೆಂದು ವಿದ್ವಾಂಸರಲ್ಲಿ ಹಲವರು ಎಣಿಸುವ ‘ಗಿರಿಜಾಕಲ್ಯಾಣ’ವು ಹತ್ತು ಆಶ್ವಾಸಗಳ ಚಂಪೂಕಾವ್ಯ. ಕಂದ, ವೃತ್ತ, ಗದ್ಯಗಳಿಂದ ಕೂಡಿ ಸಂಸ್ಕೃತ ಸಮಾಸಗಳಿಂದ ತುಂಬಿದ ಆ ಮಾರ್ಗಶೈಲಿಯನ್ನು ಸವಿಯಲು ಪಾಂಡಿತ್ಯವು ಬೇಕು. ಆದರೆ ಬೇಡರ ಕಣ್ಣಪ್ಪ, ಕುಂಬಾರ ಗುಂಡಯ್ಯ, ಮಹಾದೇವಿಯಕ್ಕ ಮೊದಲಾದ ಶರಣರ ಚರಿತೆಯನ್ನು ಹಾಡುವಾಗ ಕವಿಯು ಹಿಡಿದುದು ರಗಳೆಯ ದಾರಿಯನ್ನು. ಎರಡೆರಡು ಪಾದಗಳಿಗೆ ಪ್ರಾಸವಿಟ್ಟು, ಪಾದಸಂಖ್ಯೆಯ ಕಟ್ಟಿಲ್ಲದೆ ಹರಿಯುವ ಈ ದೇಸಿ ಛಂದಸ್ಸು ಕಿವಿಗೆ ಬಿದ್ದೊಡನೆ ಮನಕ್ಕಿಳಿಯುವುದು. ಗುಂಡಯ್ಯನು ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಕುಣಿಯುವೆಡೆಯಲ್ಲಿ ಆ ತಟ್ಟಿನ ಲಯವು ನುಡಿಯಲ್ಲಿಯೂ ಕೇಳಿಸುತ್ತದೆ. ‘ಬಸವರಾಜದೇವರ ರಗಳೆ’ಯಲ್ಲಾದರೋ ಪದ್ಯದೊಡನೆ ಗದ್ಯವೂ ಸರಸವಾಗಿ ಹೆಣೆದುಕೊಂಡಿದೆ.

ಬರಿಯ ರಗಳೆಯ ಕವಿಯೆಂದು ಕೆಲವರು ಆತನನ್ನು ಹಳಿದರೆಂಬ ಪ್ರತೀತಿಯುಂಟು. ಚಂಪುವಿನಲ್ಲಿ ಕೈಪಳಗಿದವನಿಗೆ ರಗಳೆಯು ಅಶಕ್ತಿಯ ಆಶ್ರಯವಲ್ಲ. ಕುಂಬಾರನ ಕಥೆಯು ಕುಂಬಾರನ ಮನೆಯವರಿಗೂ ತಿಳಿಯಬೇಕಷ್ಟೆ! ಅದಕ್ಕಾಗಿ ಪಂಡಿತರ ಮನ್ನಣೆಯನ್ನು ಕಳೆದುಕೊಳ್ಳಲೂ ಆತನು ಅಂಜಲಿಲ್ಲ. ಹರಿಹರನಲ್ಲಿ ಪಾಂಡಿತ್ಯವು ಅಳಿಯಲಿಲ್ಲ. ಅದು ಭಕ್ತಿಗೆ ದಾಸೋಹಗೈದಿತು. ಕಲಿತ ವಿದ್ಯೆಗೆ ಇದಕ್ಕಿಂತ ಮಿಗಿಲಾದ ಸಾರ್ಥಕತೆಯುಂಟೇ?